ತಿಮ್ಮಕ್ಕನ ಮೊರಕ್ಕೆ ಬಿದ್ದ ಜಪಾನ್ ಕಡ್ಡಿ

ಕಾಟನ್‌ಪೇಟೆಯ ಒಂದು ಟೀ ಪುಡಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ತಿಮ್ಮಕ್ಕ ಮೂವತ್ತನಾಲ್ಕು ವರ್ಷ ಮಾಡಿದ ಕೆಲಸ ಒಂದೇ, ಕಡ್ಡಿ ಆರಿಸುವುದು. ಕೂನೂರಿನಿಂದಲೋ ಅಸ್ಸಾಮಿನಿಂದಲೋ ಮೂಟೆ ಬಂದಿಳಿದರೆ ಮೊದಲು ಜರಡಿ ಹಿಡಿಯಬೇಕು, ಮೊರಕ್ಕೆ ಸುರಿದುಕೊಂಡು ಕೇರಬೇಕು, ಆಮೇಲೆ ಕಿಟಕಿಯ ಬೆಳಕಿಗೆ ಮೊರ ಓರೆ ಮಾಡಿಕೊಂಡು, ಎಲೆಯ ಜೊತೆ ಸೇರಿ ಬಂದ ದೇಟು, ನಾರು, ಕಡ್ಡಿಗಳನ್ನು ಒಂದೊಂದಾಗಿ ಹೆಕ್ಕಿ ಪಕ್ಕದ ತಗಡಿನ ಡಬ್ಬಕ್ಕೆ ಹಾಕಬೇಕು. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಂದು ದಿನ ಬಂದು ಕೂತು ನೋಡಲಿ. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಸೀನಿದರೆ ಸೆರಗೆಲ್ಲ ಕಂದು, ಸಂಜೆ ಮನೆಗೆ ಹೋಗಿ ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಕಡ್ಡಿಗಳೇ ಕಾಣುತ್ತವೆ. ತಿಮ್ಮಕ್ಕನ ಬೆರಳುಗಳಿಗಂತೂ ಅದು ಚಟವಾಗಿ ಅಂಟಿತ್ತು. ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಅಷ್ಟೇ, ಚಿತ್ರಾನ್ನದಲ್ಲಿ ಕರಿಬೇವಿನ ಕಡ್ಡಿ ಕಂಡರೆ ಅದನ್ನು ಎತ್ತಿ ಎಲೆಯ ಅಂಚಿಗಿಟ್ಟ ಮೇಲೆಯೇ ತುತ್ತು ಬಾಯಿಗೆ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಬಿಂದು ಅದನ್ನು ಕಂಡಾಗಲೆಲ್ಲ ಮೊಣಕೈಯಿಂದ ತಿವಿಯುತ್ತಿದ್ದಳು.

ಮಾಗಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಮಾವಳ್ಳಿಗೆ ಬಂದವಳು ತಿಮ್ಮಕ್ಕ. ಗಂಡ ಇದೇ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದ. ಬಿಂದುವಿಗೆ ಮೂರು ತುಂಬಿತ್ತು, ಅಷ್ಟರಲ್ಲಿ ಕಾಮಾಲೆ ಬಂದು ಹದಿನೈದೇ ದಿನಕ್ಕೆ ಹೋಗಿಬಿಟ್ಟ. ತಿಥಿ ಮುಗಿದ ಮರುದಿನ ಅಂಗಡಿಯ ಯಜಮಾನರು ಮಲ್ಲಿಕಾರ್ಜುನಯ್ಯ ಹೇಳಿಕಳಿಸಿದರು. ಬಂದವಳಿಗೆ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ ಪುಣ್ಯಾತ್ಮ. ಕೈಗೊಂದು ಮೊರ ಕೊಟ್ಟು, "ಕಡ್ಡಿ ಕಂಡ್ರೆ ಬಿಡಬೇಡ. ತೂಕಕ್ಕೆ ಅಂತ ಸೇರಿಸಿರ್ತಾರೆ. ಕಡ್ಡಿ ಇದ್ದ ಕಡೆ ಮೋಸ ಇದೆ ಅಂತ ತಿಳ್ಕೊ" ಎಂದರು. ತಿಮ್ಮಕ್ಕ ತಿಳಿದುಕೊಂಡಳು. ಅವತ್ತಿನಿಂದ ಆ ಅಂಗಡಿಗೆ ಬಂದ ಯಾವ ಟೀಯೂ ಅವಳ ಮೊರಕ್ಕೆ ಬೀಳದೆ ಯಜಮಾನರ ಮೇಜಿಗೆ ಹೋದದ್ದಿಲ್ಲ. ಆರಿಸಿದ ಕಡ್ಡಿಯನ್ನು ಸಂಜೆ ಚೀಲಕ್ಕೆ ಹಾಕಿಕೊಂಡು ಮಾವಳ್ಳಿಗೆ ಒಯ್ಯುತ್ತಿದ್ದಳು. ಅವಳಿರುವ ವಠಾರದ ಬಚ್ಚಲಲ್ಲಿ ಇವತ್ತಿಗೂ ಹಂಡೆ ಒಲೆಯೇ ಇದೆ, ಅದರ ಮೇಲಿನ ಗೂಡಿನಲ್ಲಿ ಕಡ್ಡಿ ತುಂಬಿಡುವ ಡಬ್ಬ. ಟೀ ಕಡ್ಡಿ ಒಂದು ಹಿಡಿ ಇದ್ದರೆ ಸೀಮೆಎಣ್ಣೆ ಬೇಕಿಲ್ಲದೆ ಒಲೆ ಹೊತ್ತಿಕೊಳ್ಳುತ್ತದೆ.

ಇನ್ನು ಯಜಮಾನರ ನಾಲಿಗೆಯ ಮಾತು. ಅದನ್ನು ಹೇಳದೆ ತಿಮ್ಮಕ್ಕನ ಕಥೆ ಹೇಳುವಂತಿಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ ಹಿಂದಿನ ಕೋಣೆಯ ಉದ್ದ ಮೇಜಿನ ಮೇಲೆ ಆರು ಬಿಳಿ ಕಪ್ಪು ಸಾಲಾಗಿ ನಿಲ್ಲುತ್ತಿದ್ದವು. ಒಂದೊಂದಕ್ಕೂ ಒಂದೇ ತೂಕದ ಪುಡಿ, ಕುದಿವ ನೀರು, ಮೇಲೊಂದು ಮುಚ್ಚಳ. ಐದು ನಿಮಿಷ ಕಳೆದ ಮೇಲೆ ಮಲ್ಲಿಕಾರ್ಜುನಯ್ಯ ಚಮಚದಲ್ಲಿ ಡಿಕಾಕ್ಷನ್ ತೆಗೆದುಕೊಂಡು ಸೊರ್ರನೆ ಹೀರುತ್ತಿದ್ದರು. ಆ ಸದ್ದು ಎದುರುಗಡೆಯ ಹಗ್ಗದ ಅಂಗಡಿಗೂ ಕೇಳಿಸುತ್ತಿತ್ತು. ಬಾಯಲ್ಲಿ ಒಂದು ಸುತ್ತು ಹೊರಳಿಸಿ, ಹಿತ್ತಾಳೆಯ ಪೀಕದಾನಿಗೆ ಉಗುಳಿ, ಟೀಯ ತಪ್ಪು ಎತ್ತಿ ಹೇಳುತ್ತಿದ್ದರು. ಇದು ಗೋಣಿ ವಾಸನೆ. ಇದು ಹುಳಿ ತಿರುಗಿದೆ. ಇದಕ್ಕೆ ಹೊಗೆ ಹಿಡಿದಿದೆ. ಇದು ಹೋದ ವರ್ಷದ ಸರಕು, ಹೊಸದರ ಜೊತೆ ಬೆರೆಸಿದ್ದಾರೆ. ಎಂಥಾ ಒಳ್ಳೆಯ ಟೀ ಬಂದರೂ ಅವರ ಬಾಯಿಂದ ಬರುತ್ತಿದ್ದದ್ದು "ನಡೆಯುತ್ತೆ" ಎಂಬ ಒಂದೇ ಮಾತು. ಚೆನ್ನಾಗಿದೆ ಎಂದರೆ ಮಾರುವವನು ರೇಟು ಏರಿಸುತ್ತಾನೆ ಎಂದು ಅವರ ತಂದೆ ಕಲಿಸಿದ್ದರಂತೆ. ವ್ಯಾಪಾರದ ಪಾಠ ಮನೆಗೂ ಹೊಕ್ಕಿತ್ತು. ಮಗನ ಮದುವೆಯಲ್ಲಿ ಬೀಗರು ಕೈಮುಗಿದು ಅಡುಗೆ ಹೇಗಿದೆ ಎಂದು ಕೇಳಿದರೆ, ಈ ಮಹಾರಾಯರು ಸಾರಿಗೆ ಉಪ್ಪು ಒಂದು ಹರಳು ಮುಂದಾಯಿತು ಎಂದು ಬಂದರು. ಹೆಂಡತಿ ಗಿರಿಜಾಂಬಾ ಮಾತ್ರ ನಕ್ಕು ಸುಮ್ಮನಾಗುವ ಹೆಂಗಸು. ಅಂಗಡಿಗೆ ಬುತ್ತಿ ತಂದಾಗಲೆಲ್ಲ ತಿಮ್ಮಕ್ಕನ ಹತ್ತಿರ, ಇವರು ಚೆನ್ನಾಗಿದೆ ಅಂದ ದಿನ ನಾನು ಡಾಕ್ಟರಿಗೆ ಫೋನ್ ಮಾಡ್ತೀನಿ ಎಂದು ತಮಾಷೆ ಮಾಡುತ್ತಿದ್ದರು. ಆಯಮ್ಮ ತೀರಿಕೊಂಡು ಐದು ವರ್ಷವಾಯಿತು.

ತಿಮ್ಮಕ್ಕನಿಗೂ ಅವರೇ ರುಚಿ ಕಲಿಸಿದರು. ಅವರ ಸರದಿ ಮುಗಿದ ಮೇಲೆ ಕಪ್ಪಿನಲ್ಲಿ ಉಳಿದದ್ದನ್ನು ಅವಳ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದು ಏನಿದೆ ಎಂದು ಹೇಳಬೇಕಿತ್ತು. ಬಿಳಿ ಕಪ್ಪುಗಳು ಯಜಮಾನರಿಗೆ ಮಾತ್ರ, ಅವಕ್ಕೆ ಬೇರೆಯವರ ಎಂಜಲು ತಾಗುವಂತಿರಲಿಲ್ಲ, ಸ್ವಂತ ಮಗನದ್ದೂ ಕೂಡ. ತಪ್ಪಾಗಿ ಹೇಳಿದರೆ ಇನ್ನೊಂದು ಗುಟುಕು ಎನ್ನುತ್ತಿದ್ದರು. ಸರಿಯಾಗಿ ಹೇಳಿದರೆ ತಲೆ ಒಂದು ಸಲ ಆಡಿಸುತ್ತಿದ್ದರು. ಎಷ್ಟು ಹೊಗೆ, ಯಾವ ಹೊಗೆ, ಎಷ್ಟು ಹುಳಿ ಎಂದು ಕೆದಕಿ ಕೆದಕಿ ಕೇಳುತ್ತಿದ್ದರು. ಓದು ಬಾರದ ತಿಮ್ಮಕ್ಕ ಹತ್ತು ವರ್ಷ ಕಳೆಯುವುದರೊಳಗೆ ಅದರಲ್ಲಿ ಪಳಗಿಬಿಟ್ಟಳು. ಆ ತಲೆಯಾಡಿಸುವಿಕೆಗಾಗಿ ಅವಳು ಎಷ್ಟು ಕಾಯುತ್ತಿದ್ದಳು ಎಂಬುದು ಅವಳಿಗಷ್ಟೇ ಗೊತ್ತು.

ಹೋದ ವರ್ಷ ಆಷಾಢದಲ್ಲಿ ಯಜಮಾನರ ನಾಲಿಗೆಯ ಎಡಗಡೆ ಒಂದು ಹುಣ್ಣಾಯಿತು. ಹಲ್ಲು ತಾಗಿ ಆಗಿರಬೇಕೆಂದು ಎರಡು ತಿಂಗಳು ತುಪ್ಪ ಸವರಿಕೊಂಡು ಕೂತರು. ಊರವರ ಟೀಯಲ್ಲಿ ಸಾಸಿವೆಯಷ್ಟು ತಪ್ಪು ಹುಡುಕುವ ಮನುಷ್ಯನಿಗೆ ಸ್ವಂತ ನಾಲಿಗೆಯ ಮೇಲಿನ ಕಡಲೆಕಾಳಿನಷ್ಟು ಹುಣ್ಣು ಲೆಕ್ಕಕ್ಕೆ ಬರಲಿಲ್ಲ, ನೋಡಿ. ಅದು ಕ್ಯಾನ್ಸರ್. ನಾಲಿಗೆಯ ಅಂಚನ್ನು ಕತ್ತರಿಸಿ ತೆಗೆದರು. ಆಮೇಲೆ ಮೂವತ್ತಮೂರು ದಿನ ಬಾಯಿಗೆ ರೇಡಿಯೇಶನ್ ಕರೆಂಟು ಕೊಟ್ಟರು. ಕಾರ್ತಿಕದಲ್ಲಿ ಎಲ್ಲ ಮುಗಿಸಿ ಮನೆಗೆ ಕರೆತಂದಾಗ ಜೀವ ಉಳಿದಿತ್ತು, ರುಚಿ ಹೋಗಿತ್ತು. ಬಾಯಿ ಸುಟ್ಟು ಬೆಂದು ಜೊಲ್ಲು ಒಣಗಿ, ಮೂಗೂ ಮಂಕಾಗಿ, ಉಪ್ಪು ಇಟ್ಟರೂ ಬೆಲ್ಲ ಇಟ್ಟರೂ ಮರಳು ಅಗಿದ ಹಾಗೆ. ರುಚಿ ನಿಧಾನಕ್ಕೆ ಮರಳಬಹುದು, ವರ್ಷ ತುಂಬುವುದರೊಳಗೆ ಬರದಿದ್ದರೆ ಆಸೆ ಬಿಡಿ ಎಂದು ಡಾಕ್ಟರು ಮುಖ ನೋಡಿಯೇ ಹೇಳಿದ್ದರು.

ಈಗ ಹನ್ನೊಂದು ತಿಂಗಳು ಕಳೆದು ಆಯುಧಪೂಜೆ ಬಂದಿತ್ತು. ಅಷ್ಟರಲ್ಲಿ ಅಂಗಡಿಯ ಗತಿ ಏನಾಗಿತ್ತೆಂದರೆ, ಆ ನಾಲಿಗೆಯನ್ನೇ ನಂಬಿ ವರ್ಷಾನುಗಟ್ಟಲೆ ಪುಡಿ ಒಯ್ಯುತ್ತಿದ್ದ ಹೋಟೆಲಿನವರು ಒಬ್ಬೊಬ್ಬರಾಗಿ ಕಂಪನಿ ಪ್ಯಾಕೆಟ್ಟಿನ ಕಡೆ ಹೊರಟುಹೋಗಿದ್ದರು. ಮೊದಲಿನ ಹಾಗೆ ಇಲ್ಲವಲ್ಲ ಎಂಬುದು ಎಲ್ಲರ ದೂರು. ಮಗ ನಾಗಭೂಷಣ್ ಕೆಟ್ಟವನೇನಲ್ಲ, ಸೈಟು ಮನೆಗಳ ವ್ಯವಹಾರ ಬಿಟ್ಟು ಬೆಳಿಗ್ಗೆ ಹೊತ್ತು ಗಲ್ಲಾದಲ್ಲಿ ಕೂರುತ್ತಿದ್ದ. ಆದರೆ ಅವನಿಗೆ ಟೀ ಎಂದರೆ ಬಿಸಿಯಾಗಿರಬೇಕು, ಸಿಹಿಯಾಗಿರಬೇಕು, ಅಷ್ಟೇ. ಕಡ್ಡಿ ಆರಿಸುವವಳ ನಾಲಿಗೆಯನ್ನು ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಸೀರೆ ಗೋಡೌನಿಗೆ ಜಾಗ ಕೊಡಿ ಎಂದು ಒಬ್ಬರು ದುಂಬಾಲು ಬಿದ್ದಿದ್ದರು. ಆಯುಧಪೂಜೆಯವರೆಗೂ ನೋಡೋಣ ಎಂದು ನಾಗಭೂಷಣ್ ಅಪ್ಪನಿಗೇ ಹೇಳಿಬಿಟ್ಟಿದ್ದ. ಅಪ್ಪ ಮೇಜಿಗೆ ಬಂದು ಕೂತು ರುಚಿ ಹೇಳಿದರೆ ಅಂಗಡಿ ಇರುತ್ತದೆ, ಇಲ್ಲವಾದರೆ ಪೂಜೆ ಮಾಡಿ ಬಾಗಿಲು ಹಾಕುವುದು. ತಿಮ್ಮಕ್ಕ ಈ ಮಾತು ಕೇಳಿಸಿಕೊಂಡ ದಿನ ಮಾವಳ್ಳಿಗೆ ನಡೆದೇ ಹೋದಳು. ಅರವತ್ತೊಂದು ವಯಸ್ಸು. ಕಡ್ಡಿ ಆರಿಸುವವಳು ಬೇಕು ಎಂದು ಈ ಊರಲ್ಲಿ ಇನ್ನು ಯಾರು ಕರೆಯುತ್ತಾರೆ? ಬಿಂದು ಮನೆಯಲ್ಲಿ ಕೂತುಕೋ ಎನ್ನುತ್ತಾಳೆ, ನಿಜ. ಕೂತು ಕೈ ಎಲ್ಲಿಟ್ಟುಕೊಳ್ಳುವುದು ಎಂದು ತಿಮ್ಮಕ್ಕನಿಗೆ ತಿಳಿಯದು. ಯಜಮಾನರ ನಾಲಿಗೆ ಬರಲಪ್ಪಾ ಎಂದು ದೊಡ್ಡ ಗಣಪತಿಗೆ ಹರಕೆ ಹೊತ್ತಳು.

ಆ ಮನೆಯಲ್ಲಿ ಆಸೆ ಬಿಡದವಳೆಂದರೆ ಮೊಮ್ಮಗಳು ಮಾನ್ಯ, ನಾಗಭೂಷಣನ ಮಗಳು. ಮಾಮೂಲಿ ಟೀ ತಾತನ ಬಾಯಿಗೆ ಹೋದರೆ ಒಗರಿಗೆ ಉರಿ ಎದ್ದು ಕಣ್ಣಲ್ಲಿ ನೀರು ಬರುತ್ತಿತ್ತು. ಟೀಯನ್ನೇ ಬಾಯಿಗಿಡಲಾಗದಿದ್ದರೆ ಟೀಯ ರುಚಿ ವಾಪಸ್ಸು ಬರುವುದಾದರೂ ಎಲ್ಲಿಂದ ಎಂದು ಅವಳು ಅಲ್ಲಿ ಇಲ್ಲಿ ಓದಿ, ಜಪಾನಿನಲ್ಲಿ ಒಂದು ಟೀ ಇದೆ ಎಂದು ಪತ್ತೆ ಮಾಡಿದಳು. ಒಗರಿಲ್ಲ, ಉರಿ ಇಲ್ಲ, ಎಳೆಯ ಸಿಹಿ, ಬಿಸಿಯಾಗಿಯೂ ಕುಡಿಯಬಹುದು, ಐಸ್ ಹಾಕಿಯೂ ಕುಡಿಯಬಹುದು. ಗೆಳತಿ ದೀಪ್ತಿ ಅಲ್ಲಿಂದ ಬರುವಾಗ ಒಂದೇ ಒಂದು ಪ್ಯಾಕೆಟ್ ತಂದುಕೊಟ್ಟಳು. ಹಬ್ಬಕ್ಕೆ ಎರಡು ದಿನ ಇರುವಾಗ ಮಧ್ಯಾಹ್ನ ಮಾನ್ಯ ಅದನ್ನು ಅಂಗಡಿಗೆ ತಂದು, ಕಿವಿಗೆ ಫೋನು ಒತ್ತಿಕೊಂಡೇ ತಿಮ್ಮಕ್ಕನ ಕೈಗಿಟ್ಟು, ಇದು ತಾತನಿಗೆ ಜಪಾನ್ ಟೀ, ಹುಷಾರಾಗಿಟ್ಟಿರಿ, ನಾಳೆ ಬಂದು ನಾನೇ ಮಾಡ್ತೀನಿ ಎಂದು ಹೇಳಿ ಹೊರಟುಹೋದಳು. ಅದೇನು ಟೀ, ಹೇಗಿರುತ್ತದೆ ಎಂದು ಹೇಳುವ ವ್ಯವಧಾನ ಅವಳಿಗಿರಲಿಲ್ಲ, ಕೇಳುವ ಅಭ್ಯಾಸ ತಿಮ್ಮಕ್ಕನಿಗಿರಲಿಲ್ಲ.

ಯಜಮಾನರ ಬಾಯಿಗೆ ಹೋಗುವ ಟೀ. ಮೊರ ಕಾಣದೆ ಹೋದೀತೇ? ತಿಮ್ಮಕ್ಕ ಪ್ಯಾಕೆಟ್ಟಿನ ತುದಿ ಕತ್ತರಿಸಿ ಮೊರಕ್ಕೆ ಸುರಿದಳು. ಸುರಿದು ನೋಡಿದರೆ, ನಾಲ್ಕರಲ್ಲಿ ಮೂರು ಪಾಲು ಕಡ್ಡಿ! ಹಸಿರು ಕಡ್ಡಿ, ಬಿಳಿಚಿದ ಕಡ್ಡಿ, ಸೂಜಿಯಷ್ಟು ಸಣ್ಣಗಿನ ಕಡ್ಡಿ. ಎಲೆ ಎಂಬುದು ಅಲ್ಲೊಂದು ಚೂರು ಇಲ್ಲೊಂದು ಚೂರು. ಅವಳಿಗೆ ಹೊಟ್ಟೆ ಉರಿದುಹೋಯಿತು. ಪಾಪ, ಏನೂ ಅರಿಯದ ಮಗು, ತಾತನಿಗೆಂದು ಅಷ್ಟು ದೂರದಿಂದ ತರಿಸಿದರೆ ಯಾರೋ ಮನೆಹಾಳರು ಕಸ ತುಂಬಿ ಕೊಟ್ಟಿದ್ದಾರೆ. ಮೂಸಿ ನೋಡಿದರೆ ಈಗ ತಾನೇ ಬಿಡಿಸಿದ ಅವರೆಕಾಯಿ ಸಿಪ್ಪೆಯ ವಾಸನೆ. ವಾಸನೆ ಚೆನ್ನಾಗಿದೆ, ಮಾಲಿಗೇ ಮೋಸ ಎಂದುಕೊಂಡು ಕಿಟಕಿಗೆ ಮೊರ ಓರೆ ಮಾಡಿ ಕೂತಳು. ಎರಡು ಗಂಟೆ ಹಿಡಿಯಿತು. ಮೂವತ್ತನಾಲ್ಕು ವರ್ಷದಲ್ಲಿ ಅಷ್ಟು ಕಡ್ಡಿಯನ್ನು ಅವಳು ಒಂದೇ ಮೊರದಲ್ಲಿ ಕಂಡಿರಲಿಲ್ಲ. ಉಳಿದ ಮುಷ್ಟಿಯಷ್ಟು ಎಲೆಚೂರನ್ನು ಡಬ್ಬಿಗೆ ಹಾಕಿ ಭದ್ರ ಮಾಡಿ, ಕಡ್ಡಿಯನ್ನು ಎಂದಿನಂತೆ ಚೀಲಕ್ಕೆ ಸುರಿದುಕೊಂಡು ಮನೆಗೆ ಹೋದಳು. ಅವತ್ತು ಅವಳಿಗೆ ಸಮಾಧಾನವಾಗಿ ನಿದ್ದೆ ಬಂತು.

ಮರುದಿನ ಹನ್ನೊಂದಕ್ಕೆ ಮಾನ್ಯ ಗಾಜಿನ ಕೆಟಲು, ನೀರಿನ ಬಿಸಿ ನೋಡುವ ಕಡ್ಡಿ ಥರ್ಮಾಮೀಟರು, ಐಸ್ ತುಂಬಿದ ಫ್ಲಾಸ್ಕು ಎಲ್ಲ ಹೊತ್ತುಕೊಂಡು ಬಂದಳು. ನಾಲ್ಕು ಗಂಟೆಗೆ ನಾಗಭೂಷಣ್ ತಾತನನ್ನು ಚಾಮರಾಜಪೇಟೆಯ ಮನೆಯಿಂದ ಕರೆತರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಒಂದು ಸಲ ಮಾಡಿ ನೋಡೋಣವೆಂದು ಡಬ್ಬಿಯ ಮುಚ್ಚಳ ತೆಗೆದವಳು ಹಾಗೇ ನಿಂತಳು.

"ತಿಮ್ಮಕ್ಕಾ, ಇದರಲ್ಲಿದ್ದ ಕಡ್ಡಿ ಎಲ್ಲಿ?"

"ಎಲ್ಲಾ ಆರಿಸಾಕಿದೀನಿ ಕಣವ್ವಾ, ಒಂದೂ ಬಿಟ್ಟಿಲ್ಲ. ಯಾರೋ ನಿಂಗೆ ಕಸ ಕೊಟ್ಟವ್ರೆ."

"ಕಡ್ಡೀನೇ ಟೀ, ತಿಮ್ಮಕ್ಕಾ. ಅವರು ಕಡ್ಡೀನೇ ಕುಡಿಯೋದು."

ಮಾನ್ಯ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಮೂಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಇನ್ನೊಂದು ಪ್ಯಾಕೆಟ್ ಬರಬೇಕೆಂದರೆ ತಿಂಗಳಾಗುತ್ತದೆ, ನಾಳೆ ಹಬ್ಬ, ಅಪ್ಪ ಗೋಡೌನಿನವರಿಗೆ ಸಹಿ ಹಾಕಿಕೊಡುತ್ತಾರೆ ಎಂದು ಬೆರಳ ಸಂದಿಯಿಂದಲೇ ಹೇಳಿದಳು. ಆ ಎಲೆಚೂರನ್ನಷ್ಟೇ ಹಾಕಿದರೆ ಕಹಿ ಬರುತ್ತದಂತೆ, ತಾತನ ಬಾಯಿ ಮತ್ತೆ ಉರಿಯುತ್ತದಂತೆ. ತಿಮ್ಮಕ್ಕನ ಕೈ ತುರುಬಿಗೆ ಹೋಯಿತು. ಬೆಳಿಗ್ಗೆ ತಾನೇ ಆ ಕಡ್ಡಿಯನ್ನು ಹಿಡಿಹಿಡಿಯಾಗಿ ಒಲೆಗೆ ಹಾಕಿ ನೀರು ಕಾಯಿಸಿ ತಲೆಗೆ ಎರೆದುಕೊಂಡು ಬಂದಿದ್ದಳು. ಕೂದಲಿನ್ನೂ ಪೂರ್ತಿ ಆರಿರಲಿಲ್ಲ.

ಚಪ್ಪಲಿ ಮೆಟ್ಟಿಕೊಂಡು ಮಾವಳ್ಳಿಗೆಂದು ಆಟೋ ಹತ್ತಿದಳು. ಜೀವಮಾನದಲ್ಲಿ ಒಬ್ಬಳೇ ಆಟೋ ಹತ್ತಿದವಳಲ್ಲ. ಹಬ್ಬದ ಹಿಂದಿನ ದಿನ, ರಸ್ತೆಯ ತುಂಬ ಬಾಳೆಕಂದು, ಬೂದುಗುಂಬಳ, ಸೇವಂತಿಗೆ ರಾಶಿ. ಆಟೋ ಇಂಚಿಂಚಾಗಿ ತೆವಳಿತು. ಇಳಿದವಳೇ ಬಚ್ಚಲಿಗೆ ಓಡಿ ಒಲೆಯ ಮೇಲಿನ ಗೂಡಿನಿಂದ ಕಡ್ಡಿಯ ಡಬ್ಬ ಇಳಿಸಿ ನೋಡಿದರೆ ಎಲ್ಲ ಉರಿದುಹೋಗಿರಲಿಲ್ಲ. ತಳದಲ್ಲಿದ್ದ ಹಳೆಯ ಕಡ್ಡಿಯ ಜೊತೆ ಒಂದಿಷ್ಟು ಬೆರೆತು ಉಳಿದಿತ್ತು. ಬಾಗಿಲ ಬೆಳಕಿಗೆ ಮೊರ ಹಿಡಿದು ಹೊಸಿಲ ಮೇಲೆ ಕೂತಳು. ಎಲೆಯಿಂದ ಕಡ್ಡಿ ಆರಿಸುತ್ತಾ ಮುದುಕಿಯಾದವಳು ಅವತ್ತು ಕಡ್ಡಿಯಿಂದ ಕಡ್ಡಿ ಆರಿಸಿದಳು. ನಮ್ಮದು ಕಂದು, ಅವರದು ಹಸಿರು. ಮಸಿ ಹಿಡಿದವು ಎರಡೂ ಒಂದೇ ಥರ ಕಾಣುತ್ತಿದ್ದವು, ಅವನ್ನು ಉಗುರಲ್ಲಿ ಕೆರೆದು ನೋಡಿ ಬೇರೆ ಮಾಡಿದಳು. ಪಕ್ಕದ ಮನೆಯವಳು ಬಂದು ಏನು ಮಾಡ್ತಿದೀಯಾ ಎಂದು ಕೇಳಿದರೆ, ಬೆಳಕು ಬಿಡು ಎಂದಳು. ಒಂದೂವರೆ ಹಿಡಿ ಸಿಕ್ಕಿತು. ಮೂಸಿದಳು. ಅವರೆ ಸಿಪ್ಪೆಯ ವಾಸನೆ ಇನ್ನೂ ಇತ್ತು, ಅದರ ಮೇಲೆ ಒಲೆಯ ಹೊಗೆ ಕೂತಿತ್ತು. ಊದಿದಳು, ಸೀರೆಯಲ್ಲಿ ಹಾಕಿ ಝಾಡಿಸಿದಳು, ಬಿಸಿಲಿಗೆ ಹಿಡಿದಳು. ಹೊಗೆ ಹೋಗಲಿಲ್ಲ.

ಮೂರು ಗಂಟೆಗೆ ಅಂಗಡಿಯಲ್ಲಿ ಮಾನ್ಯ ಎರಡು ಚಮಚೆಯಷ್ಟು ಕಡ್ಡಿ ಹಾಕಿ ಮೊದಲ ಸಲ ಮಾಡಿ ನೋಡಿದಳು. ಕುದಿವ ನೀರು ಸುರಿಯುವಂತಿಲ್ಲ, ಕುದಿ ಇಳಿದು ಎಂಬತ್ತು ಡಿಗ್ರಿಗೆ ಬರಬೇಕು, ಒಂದು ನಿಮಿಷಕ್ಕಿಂತ ಹೆಚ್ಚು ಬಿಡುವಂತಿಲ್ಲ. ಹಾಲಿಲ್ಲ, ಸಕ್ಕರೆ ಇಲ್ಲ. ಬಗ್ಗಿಸಿದರೆ ಎಳೆ ನಿಂಬೆ ಸಿಪ್ಪೆಯ ಬಣ್ಣ. ತಿಮ್ಮಕ್ಕ ತನ್ನ ಸ್ಟೀಲ್ ಲೋಟದಲ್ಲಿ ಒಂದು ಗುಟುಕು ಹೀರಿದಳು. ಮೊದಲು ಬಾಯಿಗೆ ಬಂದದ್ದು ಹಸಿ ಕಡಲೆಕಾಯಿ ಬೇಯಿಸಿದ ನೀರಿನ ಹಾಗಿನ ಸಿಹಿ. ಒಗರು ಇಲ್ಲವೇ ಇಲ್ಲ. ಇಷ್ಟು ವರ್ಷ ತಾನು ಬೂದಿ ಮಾಡಿದ್ದರಲ್ಲಿ ಇಂಥದ್ದೂ ಇತ್ತೇ ಎಂದು ಅವಳಿಗೆ ಒಂದು ಕ್ಷಣ ಏನೋ ಆಯಿತು. ಅದರ ಹಿಂದೆಯೇ ಗಂಟಲಲ್ಲಿ ಹೊಗೆ ಎದ್ದಿತು. ಸಾಸಿವೆಯಷ್ಟಲ್ಲ, ಬೊಗಸೆಯಷ್ಟು. ಮಾನ್ಯಳೂ ಕುಡಿದಳು, ಜಪಾನಿನ ಟೀ ಹೀಗೇ ಇರುತ್ತದೇನೋ ಎಂದುಕೊಂಡಳು.

ತಿಮ್ಮಕ್ಕ 'ಹೊಗೆ' ಎನ್ನಲು ಬಾಯಿ ತೆರೆದವಳು ತಡೆದಳು. ಅವಳಿಗೆ ಒಂದು ಹೊಳೆದಿತ್ತು. ಯಜಮಾನರು ನಲವತ್ತು ಮೂಟೆಯಲ್ಲಿ ಒಂದು ಮೂಟೆಗೆ ಬೀಡಿ ಹೊಗೆ ತಾಗಿದ್ದರೂ ಹಿಡಿಯುತ್ತಿದ್ದವರು. ಇಷ್ಟು ಹೊಗೆ ಬಾಯಿಗೆ ಬಿದ್ದು ನಾಲಿಗೆಯಲ್ಲಿ ಒಂದೆಳೆ ಜೀವವಿದ್ದರೂ ಹಿಡಿಯದೆ ಬಿಡಲಾರರು. ಹಿಡಿದು ಬೈಯಲಿ. ಯಾವಳು ಇದನ್ನು ಹಾಳು ಮಾಡಿದವಳು ಎಂದು ಕಪ್ಪು ಬೀಸಿ ಒಗೆಯಲಿ. ಅಷ್ಟು ಸಾಕು. ತನ್ನ ತಪ್ಪು ಇವತ್ತು ಅವರ ಬಾಯಿಂದ ಬಂದುಬಿಡಲಿ ಎಂದು ಗಣಪತಿಯನ್ನು ಇನ್ನೊಮ್ಮೆ ನೆನೆದಳು. ನಾಳೆಯ ಪೂಜೆಗೆಂದು ತೊಳೆದಿಟ್ಟ ಮೊರವನ್ನು ಗೋಡೆಗೆ ಆನಿಸಿ ನಿಂತಳು.

ಮಲ್ಲಿಕಾರ್ಜುನಯ್ಯ ಮಗನ ತೋಳು ಹಿಡಿದು ಬಂದರು. ಹಣೆಯ ವಿಭೂತಿ ಮೊದಲಿನಂತೆಯೇ ಇತ್ತು, ಕೆಳಗಿನ ಮುಖ ಅರ್ಧವಾಗಿತ್ತು. ವರ್ಷಕ್ಕೂ ಮಿಕ್ಕಿ ಆದ ಮೇಲೆ ಮೇಜಿನ ಮುಂದೆ ಕೂತು, ಬಿಳಿ ಕಪ್ಪಿನ ಕಿವಿಯನ್ನು ಬೆರಳಲ್ಲಿ ಸವರಿದರು. ಮಾನ್ಯ ಇದು ಕಡ್ಡಿ ಟೀ ತಾತಾ ಎಂದಾಗ ಅವರ ಗಂಟಲಲ್ಲಿ ನಗುವಿನಂಥದೇನೋ ಸದ್ದಾಯಿತು. ಬಿಸಿ ಕಪ್ಪು ಮೊದಲು ಬಂತು. ಚಮಚೆ ಎತ್ತಿ ಹೀರಲು ಹೋದರು. ಆ ಹಳೆಯ ಸೊರ್ ಎಂಬ ಸದ್ದು ಬರಲಿಲ್ಲ. ಕತ್ತರಿಸಿದ ನಾಲಿಗೆ ಹಿಡಿತ ಕೊಡದೆ ಅರ್ಧ ಟೀ ಗಲ್ಲದ ಮೇಲೆ ಇಳಿದು ಶರ್ಟಿಗೆ ಸುರಿಯಿತು. ಒರೆಸಲು ಬಂದ ಮಗನ ಕೈ ತಳ್ಳಿದರು. ಕಪ್ಪನ್ನೇ ಎತ್ತಿ ಕುಡಿದರು. ಉಗುಳಲಿಲ್ಲ, ನುಂಗಿದರು. ಕಣ್ಣು ಮುಚ್ಚಿದರು. ಹೇಳಿ ಯಜಮಾನ್ರೇ, ಹೇಳಿ, ಹೊಗೆ ಅನ್ನಿ ಎಂದು ತಿಮ್ಮಕ್ಕ ಒಳಗೊಳಗೇ ಬೇಡಿಕೊಂಡಳು.

ಅವರು ತಣ್ಣಗಿನದು ಕೊಡು ಎಂದರು. ಉಳಿದ ಕಡ್ಡಿಯನ್ನೆಲ್ಲ ಹಾಕಿ ಗಟ್ಟಿಯಾಗಿ ಇಳಿಸಿ ಮಾನ್ಯ ಐಸಿನ ಮೇಲೆ ಸುರಿದಳು. ತಣ್ಣಗಾದಾಗ ಹೊಗೆ ಇನ್ನೂ ಎದ್ದು ಕಾಣುತ್ತದೆ, ಅದನ್ನು ಕಲಿಸಿದವರು ಅವರೇ. ಒಂದು ಗುಟುಕು ಕುಡಿದರು. ಇನ್ನೊಂದು. ಕಣ್ಣು ಬಿಟ್ಟು ಮಗನನ್ನು ನೋಡಿದರು, ಬಾಗಿಲಾಚೆ ಕಾಣುವ ಖಾಲಿ ಗಲ್ಲಾವನ್ನು ನೋಡಿದರು, ಗೋಡೆಗೆ ಆನಿಸಿದ ಮೊರವನ್ನು ನೋಡಿದರು.

"ಚೆನ್ನಾಗಿದೆ" ಎಂದರು.

ನಾಗಭೂಷಣ್ ಹತ್ತಿರ ಬಗ್ಗಿ, ಗೊತ್ತಾಗ್ತಿದೆಯಾ ಅಪ್ಪಾ ಎಂದು ಕೇಳಿದ. ಹೂಂ, ಸಿಹಿ ಇದೆ, ತುಂಬಾ ಚೆನ್ನಾಗಿದೆ ಎಂದರು. ಮಾನ್ಯ ತಾತನ ಕುತ್ತಿಗೆಗೆ ಜೋತುಬಿದ್ದು ಅತ್ತೇಬಿಟ್ಟಳು. ನಾಗಭೂಷಣನ ಮುಖವೂ ಸಡಿಲವಾಯಿತು, ಗೋಡೌನಿನವರಿಗೆ ಆಗಲ್ಲ ಎಂದು ಹೇಳಿಬಿಡುತ್ತೇನೆ ಎಂದು ಫೋನು ತೆಗೆದ.

ತಿಮ್ಮಕ್ಕ ಒಬ್ಬಳಿಗೆ ಗೊತ್ತಿತ್ತು. ಯಾವ ತಪ್ಪು ಹೇಳಬೇಕೆಂದು ಅವರಿಗೆ ತಿಳಿಯಲಿಲ್ಲ, ಅದಕ್ಕೇ ಆ ಮಾತು ಬಂತು. ಹೆಂಡತಿಗೆ ಒಂದು ದಿನವಾದರೂ ಹೇಳದೆ ಉಳಿಸಿಕೊಂಡಿದ್ದ ಮಾತು. ಬಾಯಿ ಮುಚ್ಚಿಕೊಂಡಿದ್ದರೆ ಅಂಗಡಿ ಉಳಿಯುತ್ತದೆ, ಮೊರ ಉಳಿಯುತ್ತದೆ, ನಾಳೆ ಎಂದಿನಂತೆ ಮೊರಕ್ಕೆ ವಿಭೂತಿ ಬೀಳುತ್ತದೆ. ಎಷ್ಟು ದಿನ? ಮುಂದಿನ ಮೂಟೆ ಬರುವ ತನಕ. ಬಂದ ಮೇಲೆ ಹುಳಿ ತಿರುಗಿದ್ದನ್ನೂ ಚೆನ್ನಾಗಿದೆ ಎನ್ನುತ್ತಾರೆ, ಕೊಳೆತದ್ದನ್ನೂ ಚೆನ್ನಾಗಿದೆ ಎನ್ನುತ್ತಾರೆ, ಪೇಟೆಯೆಲ್ಲ ಬಾಯಿಗೆ ಸೆರಗು ಹಿಡಿದು ನಗುತ್ತದೆ. ಸಾಲದ್ದಕ್ಕೆ ಅವರು ಈಗ ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಬಿಟ್ಟುಕೊಡಬೇಡ ಎಂಬ ಬೇಡಿಕೆ ಇತ್ತು. ಈ ಮನುಷ್ಯ ಯಾರ ಹತ್ತಿರವೂ ಬೇಡಿದವರಲ್ಲ. ತಿಮ್ಮಕ್ಕನಿಗೆ ಅಯ್ಯೋ ಅನಿಸಿತು, ಸಿಟ್ಟೂ ಬಂತು. ಇವರು ಹೀಗೆ ಆಗುವುದನ್ನು ನೋಡಲು ಅವಳಿಂದ ಆಗಲಿಲ್ಲ.

"ಹೊಗೆ ಹಿಡಿದಿದೆ ಯಜಮಾನ್ರೇ" ಎಂದಳು.

ನಾಗಭೂಷಣ್ ಕೆಟಲಿನಲ್ಲಿ ಉಳಿದಿದ್ದನ್ನು ಅಂಗೈಗೆ ಬಗ್ಗಿಸಿಕೊಂಡು ನೆಕ್ಕಿ ನೋಡಿದ. ಟೀ ಎಂದರೆ ಬಿಸಿ, ಸಿಹಿ ಎಂದುಕೊಂಡಿದ್ದ ಅವನಿಗೂ ಗೊತ್ತಾಯಿತು. ಹೌದಲ್ಲ, ಹೊಗೆ ಎಂದು ಮೆಲ್ಲಗೆ ಹೇಳಿ ಅಪ್ಪನ ಮುಖ ನೋಡಿದ, ಫೋನನ್ನು ಜೇಬಿಗೆ ಇಳಿಸಿದ. ನಿಮಗೇನು ಬಂದಿತ್ತು ತಿಮ್ಮಕ್ಕಾ ಎಂದು ಮಾನ್ಯ ಸಿಡಿದು ನಿಂತಳು. ತಾತ ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದರು.

"ಎಷ್ಟು?" ಎಂದು ತಿಮ್ಮಕ್ಕನನ್ನು ಕೇಳಿದರು.

"ಬಾಳ. ಒಲೆ ಹೊಗೆ. ನಂದೇ ತಪ್ಪು, ಒಲೆ ಮೇಲಿನ ಡಬ್ಬದಾಗಿತ್ತು."

ಅವರು ತಲೆ ಒಂದು ಸಲ ಆಡಿಸಿದರು. ಅವಳು ಸರಿಯಾಗಿ ಹೇಳಿದಾಗ ಆಡಿಸುತ್ತಿದ್ದ ಹಾಗೆಯೇ. ಆಮೇಲೆ, ಗೋಡೌನಿನವರಿಗೆ ಹಬ್ಬ ಕಳೆದು ಬರಹೇಳು ಎಂದು ಮಗನಿಗೆ ಹೇಳಿದರು. ಧ್ವನಿಯಲ್ಲಿ ಏನೂ ಇರಲಿಲ್ಲ. ಐಸ್ ಕರಗುತ್ತಿದ್ದ ಬಿಳಿ ಕಪ್ಪನ್ನು ಮೇಜಿನ ಮೇಲೆ ತಿಮ್ಮಕ್ಕನ ಕಡೆಗೆ ಸರಿಸಿ, ಹೊಗೆ ಬಿಟ್ಟರೆ ಇನ್ನೇನಿದೆ, ಕುಡಿದು ಹೇಳು ಎಂದರು. ಅವಳು ಸ್ಟೀಲ್ ಲೋಟಕ್ಕೆ ಕೈ ಚಾಚಿದಳು.

"ಅದರಲ್ಲೇ ಕುಡಿ."

ಮೂವತ್ತನಾಲ್ಕು ವರ್ಷ ತೊಳೆದು ಒರೆಸಿ ಬೋರಲು ಹಾಕಿದ್ದ ಕಪ್ಪಿಗೆ ತಿಮ್ಮಕ್ಕ ಮೊದಲ ಸಲ ತುಟಿ ಇಟ್ಟಳು. ಅಂಚಿನಲ್ಲಿ ಅವರ ತುಟಿಯ ತೇವವಿತ್ತು. ಮೊದಲು ಸಿಹಿ ಬರುತ್ತೆ ಎಂದಳು, ಹಸಿ ಕಡಲೆಕಾಯಿ ಬೇಯಿಸಿದ ನೀರಿನ ಸಿಹಿ. ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಅವರೆ ಸಿಪ್ಪೆ ಎಂದಳು. ಅವರ ಗಂಟಲು ಮೇಲೆ ಕೆಳಗೆ ಆಡಿತು, ತಾವೇ ನುಂಗಿದ ಹಾಗೆ. ಒಗರಿಲ್ಲ, ನಾಲಿಗೆ ಮೇಲೆ ಕೂರಲ್ಲ, ಜಾರಿ ಹೋಗುತ್ತೆ, ಹೋದ ಮೇಲೆ ಒಂಚೂರು ಜೋಳದ ಹಾಲಿನಂಗೆ ಹಿಂದಕ್ಕೆ ಬರುತ್ತೆ ಎಂದಳು.

"ಮತ್ತೆ?"

ಅವಳು ಇನ್ನೊಂದು ಗುಟುಕು ಹೀರಿ ಸಿಕ್ಕಿದ್ದನ್ನು ಹೇಳಿದಳು. ಮತ್ತೆ ಎಂದರು. ಹೇಳಿದಳು. ಮಾನ್ಯ ಎದ್ದು ಹೊರಗೆ ಹೋದಳು, ನಾಗಭೂಷಣ್ ಗೋಡೆಯ ಕಡೆ ತಿರುಗಿ ನಿಂತ. ಕಪ್ಪಿನಲ್ಲಿ ಐಸಿನ ಎರಡು ಚೂರು ಬಿಟ್ಟರೆ ಏನೂ ಉಳಿದಿರಲಿಲ್ಲ. ಮಲ್ಲಿಕಾರ್ಜುನಯ್ಯ ಮುಚ್ಚಿದ ಕಣ್ಣು ತೆರೆಯದೆ ಮತ್ತೆ ಎಂದರು. ತಿಮ್ಮಕ್ಕ ಖಾಲಿ ಕಪ್ಪನ್ನು ತುಟಿಗಿಟ್ಟುಕೊಂಡು ಹೇಳುತ್ತಲೇ ಇದ್ದಳು.